ತಟ್ಟೆ ಬೇರೆ ಮಾಡಿದರೆ ಕ್ಷಯ ದೂರವಾಗದು

ಮನೆಯಲ್ಲಿ ಒಬ್ಬರಿಗೆ ಟಿಬಿ ಎಂದು ಗೊತ್ತಾದ ದಿನ ಮೊದಲು ನಡೆಯುವ ಕೆಲಸ ತಟ್ಟೆ-ಲೋಟ ಬೇರೆ ಮಾಡುವುದು. ಹಾಸಿಗೆ ಹಿಂದಿನ ಕೋಣೆಗೆ ಹೋಗುತ್ತದೆ, ಹೊದಿಕೆಯನ್ನು ಬೇರೆಯಾಗಿ ಒಗೆಯುತ್ತಾರೆ, ಮಕ್ಕಳನ್ನು ಅಜ್ಜಿಮನೆಗೆ ಕಳಿಸುತ್ತಾರೆ. ಸೊಸೆಗೆ ಬಂದಿದ್ದರೆ ಅವಳನ್ನೇ ತವರಿಗೆ ಕಳಿಸಿಬಿಡುವುದೂ ಉಂಟು. ಹೀಗೆ ಮಾಡುವವರೆಲ್ಲ ಕಟುಕರೇನಲ್ಲ, ಹೆದರಿದವರು. ಆದರೆ ಆ ಹೆದರಿಕೆ ಸಲ್ಲದ ಜಾಗದಲ್ಲಿ ಕೂತಿದೆ. ರೋಗಿಯ ತಟ್ಟೆಯನ್ನು ಮುಟ್ಟಲು ಹೆದರುವ ನಾವು ಆ ತಟ್ಟೆಯಲ್ಲಿ ಎಷ್ಟು ಅನ್ನ, ಎಷ್ಟು ಬೇಳೆ ಇದೆ ಎಂದು ನೋಡುವುದಿಲ್ಲ. ಕಳೆದ ಕೆಲವೇ ವರ್ಷಗಳಲ್ಲಿ ನಡೆದ ಸಂಶೋಧನೆಗಳನ್ನು ಓದಿದರೆ, ಜೀವ ಉಳಿಯುವುದೂ ಹೋಗುವುದೂ ಅಲ್ಲೇ ಎಷ್ಟೋ ಸಲ ತೀರ್ಮಾನವಾಗುತ್ತದೆ ಎಂಬುದು ಗೊತ್ತಾಗುತ್ತದೆ. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ನಾಲ್ವರಿಗೊಬ್ಬರು ಭಾರತದವರು. ಆದ್ದರಿಂದ ಇದು ನಮ್ಮ ಮನೆಯ ಮಾತೇ.

“ಎಂಜಲು ತಾಗಿದರೆ ಅಂಟುತ್ತದೆ”

ಅಂಟುವುದಿಲ್ಲ. ಕ್ಷಯ ಹರಡುವುದು ಉಸಿರಾಡುವ ಗಾಳಿಯಿಂದ. ಇದನ್ನು ಸಾಬೀತು ಮಾಡಿದ ಪ್ರಯೋಗ 1950ರ ದಶಕದ ಕೊನೆಯಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ನಡೆಯಿತು. ವಿಲಿಯಂ ವೆಲ್ಸ್ ಮತ್ತು ರಿಚರ್ಡ್ ರೈಲಿ ಆರು ಹಾಸಿಗೆಗಳ ಕ್ಷಯದ ವಾರ್ಡಿನ ಗಾಳಿಯನ್ನು ಕೊಳವೆಗಳ ಮೂಲಕ ಮಾಳಿಗೆಯ ಮೇಲಿದ್ದ ಗಿನಿಯಿಲಿಗಳ ಗೂಡಿಗೆ ಹಾಯಿಸಿದರು. ರೋಗಿಗಳಿಗೂ ಇಲಿಗಳಿಗೂ ಗಾಳಿಯ ಹೊರತು ಬೇರೆ ಸಂಪರ್ಕವಿರಲಿಲ್ಲ. ಇಲಿಗಳಿಗೆ ಸೋಂಕು ತಗುಲಿತು. ಅದೇ ಗಾಳಿಯನ್ನು ನೇರಳಾತೀತ ಬೆಳಕಿನಡಿ ಹಾಯಿಸಿ ಕೊಟ್ಟ ಇನ್ನೊಂದು ಗುಂಪಿನ ಇಲಿಗಳು ಪಾರಾದವು.

ಹಾಗಿದ್ದರೆ ಕೆಮ್ಮುವವರಿಂದ ದೂರವಿದ್ದರೆ ಸಾಕೇ? ಅದೂ ಸಾಲದು ಎಂಬುದು ಹೊಸ ತಿಳಿವಳಿಕೆ. ದಕ್ಷಿಣ ಆಫ್ರಿಕದ ಕೇಪ್‌ಟೌನ್‌ನಲ್ಲಿ ರಯನ್ ಡಿಂಕೆಲೆ, ರಾಬಿನ್ ವುಡ್ ಮತ್ತು ಸಂಗಡಿಗರು ರೋಗಿಗಳ ಉಸಿರನ್ನೂ ಕೆಮ್ಮನ್ನೂ ಬೇರೆ ಬೇರೆಯಾಗಿ ಹಿಡಿದು ಅಳೆದರು. ಒಂದೊಂದಾಗಿ ನೋಡಿದರೆ ಕೆಮ್ಮಿನಲ್ಲೇ ಹೆಚ್ಚು ರೋಗಾಣು. ಆದರೆ ಮನುಷ್ಯ ದಿನಕ್ಕೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಸಲ ಉಸಿರು ಬಿಡುತ್ತಾನೆ, ಕೆಮ್ಮುವುದು ಕೆಲವು ನೂರು ಸಲ. ದಿನದ ಲೆಕ್ಕ ಕೂಡಿದಾಗ ಗಾಳಿಗೆ ಸೇರುವ ರೋಗಾಣುಗಳಲ್ಲಿ ಸುಮಾರು 90%ರಷ್ಟು ಸಾದಾ ಉಸಿರಿನಿಂದಲೇ ಬರಬಹುದು ಎಂದು ಅವರು 2021ರಲ್ಲಿ ಅಂದಾಜು ಮಾಡಿದರು. ನಮ್ಮ ದೇಶದಲ್ಲಿ 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕ್ಷಯ ಸಮೀಕ್ಷೆಯನ್ನು ಇದರ ಪಕ್ಕದಲ್ಲಿಟ್ಟು ಓದಬೇಕು. ಅಲ್ಲಿ ಪತ್ತೆಯಾದ ರೋಗಿಗಳಲ್ಲಿ 42.6% ಮಂದಿ ಎದೆಯ ಎಕ್ಸ್‌ರೇ ತೆಗೆಯದಿದ್ದರೆ ಕಣ್ಣಿಗೇ ಬೀಳುತ್ತಿರಲಿಲ್ಲ, ಏಕೆಂದರೆ ಅವರು ಹೇಳಿಕೊಂಡ ತೊಂದರೆ ಏನೂ ಇರಲಿಲ್ಲ.

ಹಾಗಾಗಿ ಕಾಳಜಿ ಮಾಡಬೇಕಾದ್ದು ಕಿಟಕಿಯ ಬಗ್ಗೆ. ಪೆರು ದೇಶದ ಲಿಮಾ ನಗರದ ಆಸ್ಪತ್ರೆಗಳಲ್ಲಿ ನಡೆದ ಅಧ್ಯಯನವೊಂದು 2007ರಲ್ಲಿ ಪ್ರಕಟವಾಯಿತು. ಕಿಟಕಿ-ಬಾಗಿಲು ಪೂರ್ತಿ ತೆರೆದಾಗ ಕೋಣೆಯ ಗಾಳಿ ಗಂಟೆಗೆ ಸುಮಾರು 28 ಸಲ ಬದಲಾಗುತ್ತಿತ್ತು. ದುಬಾರಿ ಯಂತ್ರ ಕೂರಿಸಿದ ಕೋಣೆಗಳಲ್ಲಿ 12 ಸಲ ಮಾತ್ರ. ಎತ್ತರದ ಸೂರು, ದೊಡ್ಡ ಕಿಟಕಿಗಳ ಹಳೆಯ ಕಟ್ಟಡಗಳೇ ಹೊಸವಕ್ಕಿಂತ ಸುರಕ್ಷಿತವಾಗಿದ್ದವು. ಗಾಳಿಯಾಡದ ಹಿಂದಿನ ಕೋಣೆಗೆ ರೋಗಿಯನ್ನು ತಳ್ಳಿ, ಊಟ ಕೊಡಲು ಒಬ್ಬರು ದಿನಕ್ಕೆ ನಾಲ್ಕು ಸಲ ಒಳಗೆ ಹೋಗಿ ಬರುವ ಏರ್ಪಾಡು ಎಷ್ಟು ಅಪಾಯದ್ದು ಎಂದು ಇದರಿಂದಲೇ ಊಹಿಸಬಹುದು.

“ರೋಗಿಯನ್ನು ಮನೆಯಿಂದ ದೂರ ಇಡಬೇಕು”

ಔಷಧಿಯೇ ಇಲ್ಲದ ಕಾಲದಲ್ಲಿ ಹುಟ್ಟಿದ ನಂಬಿಕೆ ಇದು. ಆಗ ಅರಮನೆಯನ್ನೂ ಕ್ಷಯ ಬಿಡಲಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಸೋದರಿ ಕೃಷ್ಣಾಜಮ್ಮಣ್ಣಿ ತೀರಿಕೊಂಡದ್ದು ಇದೇ ರೋಗದಿಂದ, ಮೈಸೂರಿನ ಕ್ಷಯರೋಗ ಆಸ್ಪತ್ರೆಗೆ ಇಂದಿಗೂ ಅವರದೇ ಹೆಸರು. ಇದು ಬಡವರ ರೋಗ, ನಮಗೆ ಬಾರದು ಎನ್ನುವವರಿಗೆ ಅಷ್ಟು ಸಾಕು.

1956ರಲ್ಲಿ ಮದರಾಸಿನಲ್ಲಿ ವ್ಯಾಲೇಸ್ ಫಾಕ್ಸ್ ನೇತೃತ್ವದ ತಂಡ ರೋಗಿಗಳನ್ನು ಎರಡು ಗುಂಪು ಮಾಡಿತು. ಒಂದು ಗುಂಪು ಸ್ಯಾನಿಟೋರಿಯಂ ಎಂಬ ಕ್ಷಯದ ಆಸ್ಪತ್ರೆಯಲ್ಲಿ ಒಳ್ಳೆಯ ಊಟ, ವಿಶ್ರಾಂತಿ, ಗಾಳಿ-ಬೆಳಕಿನ ನಡುವೆ ಉಳಿಯಿತು. ಇನ್ನೊಂದು ಗುಂಪಿನವರು ತಮ್ಮ ಇಕ್ಕಟ್ಟಿನ ಮನೆಗಳಲ್ಲೇ ಇದ್ದು ಅದೇ ಔಷಧಿ ನುಂಗಿದರು. ಒಂದು ವರ್ಷದ ಬಳಿಕ ಎರಡೂ ಕಡೆ ಗುಣವಾದವರ ಪ್ರಮಾಣ ಹತ್ತಿರ ಹತ್ತಿರ ಒಂದೇ. ಮನೆಯಲ್ಲಿ ಚಿಕಿತ್ಸೆ ಪಡೆದವರ ಕುಟುಂಬದಲ್ಲಿ ರೋಗ ಹೆಚ್ಚೇನೂ ಹರಡಲಿಲ್ಲ. 1959ರಲ್ಲಿ ಪ್ರಕಟವಾದ ಈ ಫಲಿತಾಂಶ ಜಗತ್ತಿನಾದ್ಯಂತ ಸ್ಯಾನಿಟೋರಿಯಂಗಳ ಬಾಗಿಲು ಹಾಕಿಸಿತು. ಸರಿಯಾದ ಔಷಧಿ ಶುರುವಾದರೆ ರೋಗಿ ಬಲುಬೇಗ ಸೋಂಕು ಹರಡದವನಾಗುತ್ತಾನೆ. ಐದು ದಿನ ಪರಿಣಾಮಕಾರಿ ಚಿಕಿತ್ಸೆಯಾದ ಮೇಲೆ ಹೆಚ್ಚಿನ ರೋಗಿಗಳನ್ನು ಪ್ರತ್ಯೇಕವಾಗಿಡುವ ಅಗತ್ಯವಿಲ್ಲ ಎಂದು ಅಮೆರಿಕದ ಹೊಸ ಮಾರ್ಗಸೂಚಿ 2024ರಲ್ಲಿ ಹೇಳಿದೆ.

“ಟಿಬಿಗೆ ಮಾತ್ರೆ ಸಾಕು, ಊಟದ್ದೇನು ವಿಶೇಷ?”

ಮದರಾಸಿನ ಅಧ್ಯಯನ ಒಂದು ನಂಬಿಕೆಯನ್ನು ಕೆಡವಿತು. ಅದನ್ನು ಅವಸರದಲ್ಲಿ ಓದಿದವರು ಇನ್ನೊಂದನ್ನು ಹುಟ್ಟುಹಾಕಿದರು: ಕಳಪೆ ಊಟ ಉಂಡವರೂ ಗುಣವಾದರು, ಆದ್ದರಿಂದ ಊಟ ಮುಖ್ಯವಲ್ಲ. ಈ ಮಾತನ್ನು ಓದಿಲ್ಲದವರಿಗಿಂತ ಹೆಚ್ಚಾಗಿ ವೈದ್ಯರೂ ಅಧಿಕಾರಿಗಳೂ ದಶಕಗಳ ಕಾಲ ನಂಬಿದರು ಎಂಬುದು ನನ್ನನ್ನು ಹೆಚ್ಚು ಕಾಡುತ್ತದೆ. ಆ ಅಧ್ಯಯನ ಮುಖ್ಯವಾಗಿ ಕೇಳಿದ್ದು ಔಷಧಿಯಿಂದ ರೋಗಾಣು ಸಾಯುತ್ತದೆಯೇ ಎಂದು. ಸಾಯುತ್ತದೆ. ಆದರೆ ಮೂವತ್ತೈದು ಕಿಲೋ ತೂಗುವ ದೇಹ ಮಾತ್ರೆ ಕೆಲಸ ಮಾಡುವ ತನಕ ಬದುಕಿ ಉಳಿಯುತ್ತದೆಯೇ, ಅದೇ ಮನೆಯಲ್ಲಿ ಮುಂದಿನ ರೋಗಿ ಯಾರು ಎಂಬವು ಬೇರೆಯೇ ಪ್ರಶ್ನೆಗಳು.

ಈ ಪ್ರಶ್ನೆಗಳ ಬೆನ್ನುಹತ್ತಿದವರು ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ. ಅನುರಾಗ್ ಮತ್ತು ಸಹೋದ್ಯೋಗಿಗಳು ಛತ್ತೀಸಗಡದ ಹಳ್ಳಿಗಳ ರೋಗಿಗಳ ಬಗ್ಗೆ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಗಂಡಸರ ಮಧ್ಯಮ ತೂಕ ಸುಮಾರು 42 ಕಿಲೋ, ಹೆಂಗಸರದು ಸುಮಾರು 34 ಕಿಲೋ ಇತ್ತು. ಮಕ್ಕಳ ತೂಕ ಹೊತ್ತ ವಯಸ್ಕರು ಅವರು. ಮುಂದೆ ಝಾರ್ಖಂಡದ ನಾಲ್ಕು ಜಿಲ್ಲೆಗಳಲ್ಲಿ 2019ರಲ್ಲಿ ‘ರೇಷನ್ಸ್’ ಎಂಬ ಹೆಸರಿನ ದೊಡ್ಡ ಪ್ರಯೋಗ ಆರಂಭವಾಯಿತು. 2,800 ರೋಗಿಗಳು, ಅವರ ಮನೆಗಳ 10,345 ಮಂದಿ. ಎಲ್ಲ ರೋಗಿಗಳಿಗೂ ತಿಂಗಳಿಗೊಮ್ಮೆ ಅಕ್ಕಿ, ತೊಗರಿಬೇಳೆ, ಹುರಿಗಡಲೆ ಹಿಟ್ಟು, ಹಾಲಿನ ಪುಡಿ, ಎಣ್ಣೆ ಮತ್ತು ವಿಟಮಿನ್ ಮಾತ್ರೆ ಕೊಟ್ಟರು. ಅರ್ಧದಷ್ಟು ಕಡೆಗಳಲ್ಲಿ ಮನೆಯ ಉಳಿದವರಿಗೂ ತಲಾ ಅಕ್ಕಿ, ಬೇಳೆ ಮತ್ತು ವಿಟಮಿನ್ ಸಿಕ್ಕಿತು. ಕೊರೋನಾದ ಲಾಕ್‌ಡೌನ್ ನಡುವೆಯೂ ಕೆಲಸ ನಿಲ್ಲಲಿಲ್ಲ.

2023ರ ಆಗಸ್ಟಿನಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಹೆಚ್ಚುವರಿ ಆಹಾರ ಸಿಕ್ಕ ಮನೆಗಳಲ್ಲಿ ಹೊಸದಾಗಿ ಕ್ಷಯ ಬರುವುದು 39% ಕಡಿಮೆಯಾಗಿತ್ತು. ಸೋಂಕು ಹರಡಬಲ್ಲ ಶ್ವಾಸಕೋಶದ ಕ್ಷಯವಂತೂ 48% ಕಡಿಮೆ. ಇದು ಅಕ್ಕಿ-ಬೇಳೆಯ ಕೆಲಸ. ರೋಗಿಗಳಲ್ಲಿ ಮೊದಲ ಎರಡು ತಿಂಗಳಲ್ಲಿ ತೂಕ 5% ಏರಿದವರಿಗೆ ಸಾವಿನ ಅಪಾಯ 61%ರಷ್ಟು ಕಡಿಮೆಯಿತ್ತು. ಎಲ್ಲ ರೋಗಿಗಳಿಗೂ ಆಹಾರ ಕೊಟ್ಟಿದ್ದರಿಂದ ತೂಕ ಏರಿದ್ದೇ ಅವರನ್ನು ಬದುಕಿಸಿತೆಂದು ಇದೊಂದರಿಂದಲೇ ಖಚಿತವಾಗಿ ಹೇಳಲಾಗದು. ಆದರೂ ತೂಕ ಏರದ ರೋಗಿಯನ್ನು ಕಂಡಾಗ ಎಚ್ಚರಗೊಳ್ಳಲು ಇಷ್ಟು ಸಾಕು.

ಕ್ಷಯದ ರೋಗಾಣು ಒಳಹೊಕ್ಕವರೆಲ್ಲ ರೋಗಿಗಳಾಗುವುದಿಲ್ಲ. ನಮ್ಮಲ್ಲಿ ಹದಿನೈದು ದಾಟಿದವರಲ್ಲಿ ಸುಮಾರು 31% ಮಂದಿಯ ಮೈಯಲ್ಲಿ ಅದರ ಸೋಂಕಿದೆ ಎಂದು ಅದೇ ರಾಷ್ಟ್ರೀಯ ಸಮೀಕ್ಷೆ ಹೇಳುತ್ತದೆ. ಅದನ್ನು ಕಟ್ಟಿಹಾಕಿ ಕೂರಿಸಿರುವುದು ದೇಹದ ಕಾವಲು, ಮತ್ತು ಆ ಕಾವಲಿಗೆ ಅನ್ನ ಬೇಕು. ಹಸಿವಿನಂತೆಯೇ ಸಕ್ಕರೆ ಕಾಯಿಲೆಯೂ ಕಾವಲನ್ನು ಸಡಿಲಿಸುತ್ತದೆ, ಅಪಾಯವನ್ನು ಎರಡು-ಮೂರು ಪಟ್ಟು ಏರಿಸುತ್ತದೆ. ಉಂಡುಟ್ಟು ಸುಖವಾಗಿರುವ ಮನೆಗಳಿಗೂ ಕ್ಷಯ ಬರುವ ಒಂದು ದಾರಿ ಅದು.

ಹೀಗಿರುವಾಗ ನಮ್ಮ ಕಡೆಯ ಪಥ್ಯ ಏನು ಮಾಡುತ್ತದೆ ನೋಡಿ. ಕೆಮ್ಮಿದೆ, ಮೊಸರು ಶೀತ, ಬೇಡ. ಬಾಳೆಹಣ್ಣು ಕಫ, ಬೇಡ. ಮಾತ್ರೆ ಉಷ್ಣ, ಅದರ ಮೇಲೆ ಮೊಟ್ಟೆಯೂ ಉಷ್ಣ, ಬೇಡ. ಕೊನೆಗೆ ಉಳಿಯುವುದು ಗಂಜಿ ಮತ್ತು ತಿಳಿಸಾರು. ನಲವತ್ತು ಕಿಲೋ ತೂಗುವವರ ತಟ್ಟೆಯಿಂದ ಒಂದೊಂದಾಗಿ ಹೀಗೆ ತೆಗೆಯುತ್ತ ಹೋಗುವುದು ಪ್ರೀತಿಯಿಂದ ಮಾಡುವ ಅನ್ಯಾಯ. ಮೊಸರು, ಬಾಳೆಹಣ್ಣು, ಮೊಟ್ಟೆ, ಕಡಲೆಕಾಯಿ, ಕಾಳಿನ ಸಾರು, ರಾಗಿ ಎಲ್ಲವೂ ತಿನ್ನಬಹುದು, ತಿನ್ನಬೇಕು. ಡಬ್ಬಿಯಲ್ಲಿ ಬರುವ ದುಬಾರಿ ಪ್ರೋಟೀನ್ ಪುಡಿ ಕಡ್ಡಾಯವೇನಲ್ಲ. ಚಿಕಿತ್ಸೆ ನಡೆಯುವಷ್ಟು ಕಾಲ ಪೋಷಣೆಗೆಂದು ಸರ್ಕಾರ ರೋಗಿಯ ಬ್ಯಾಂಕ್ ಖಾತೆಗೆ ಹಾಕುವ ಹಣವನ್ನು 2024ರ ನವೆಂಬರಿನಿಂದ ತಿಂಗಳಿಗೆ 500 ರೂಪಾಯಿಯಿಂದ 1,000ಕ್ಕೆ ಏರಿಸಲಾಗಿದೆ. ಅದು ರೋಗಿಯೊಬ್ಬರಿಗೆ. ಝಾರ್ಖಂಡದ ಪ್ರಯೋಗ ತೋರಿಸಿದ್ದು ಇಡೀ ಮನೆಗೆ ಉಣಿಸಬೇಕು ಎಂಬುದನ್ನು. ಅಲ್ಲಿಗೆ ನಾವಿನ್ನೂ ಮುಟ್ಟಿಲ್ಲ.

ಮನೆಯವರಿಗಾಗಿ ಇನ್ನೊಂದು ದಾರಿಯೂ ಇದೆ. ಪರೀಕ್ಷಿಸಿ ರೋಗ ಇಲ್ಲವೆಂದು ಖಚಿತವಾದವರಿಗೆ ತಡೆ ಮಾತ್ರೆ ಕೊಡಬಹುದು. ಆರು ತಿಂಗಳ ದಿನನಿತ್ಯದ ಮಾತ್ರೆಯ ಬದಲು ವಾರಕ್ಕೊಮ್ಮೆಯಂತೆ ಹನ್ನೆರಡು ವಾರದ ಕ್ರಮವೂ ಬಂದಿದೆ. ರೋಗಿಯದು ಔಷಧಿಗೆ ಬಗ್ಗದ ಕ್ಷಯವಾಗಿದ್ದರೆ ಮನೆಯವರಿಗೆ ಏನು ಮಾಡಬೇಕೆಂಬುದಕ್ಕೆ ಬಹುಕಾಲ ಉತ್ತರವೇ ಇರಲಿಲ್ಲ. 2024ರ ಡಿಸೆಂಬರಿನಲ್ಲಿ ವಿಯೆಟ್ನಾಂ ಮತ್ತು ದಕ್ಷಿಣ ಆಫ್ರಿಕದ ಎರಡು ಪ್ರಯೋಗಗಳು ಲೆವೊಫ್ಲಾಕ್ಸಾಸಿನ್ ಮಾತ್ರೆಯನ್ನು ಪರೀಕ್ಷಿಸಿ ವರದಿ ಮಾಡಿದವು. ಎರಡನ್ನೂ ಒಟ್ಟಿಗೆ ಲೆಕ್ಕ ಹಾಕಿದಾಗ ಅಪಾಯ ಸುಮಾರು 60% ತಗ್ಗಿತ್ತು.

“ಕೆಮ್ಮಿಗೆ ಸಿರಪ್ ಕುಡಿದರೆ ಆಯಿತು; ಜನಕ್ಕೆ ತಿಳಿವಳಿಕೆಯೇ ಇಲ್ಲ”

ಮೊದಲರ್ಧ ರೋಗಿಯ ನಂಬಿಕೆ, ಎರಡನೆಯದು ವ್ಯವಸ್ಥೆಯದು. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯಿಂದ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಅಧ್ಯಯನ ಮಾಡಿ 1963ರಲ್ಲಿ ಪ್ರಕಟಿಸಿದರು. ರೋಗಿಗಳಲ್ಲಿ ಬಹುತೇಕರಿಗೆ ತಮ್ಮ ಲಕ್ಷಣಗಳ ಅರಿವಿತ್ತು. ಅರ್ಧಕ್ಕೂ ಹೆಚ್ಚು ಮಂದಿ ಆಸ್ಪತ್ರೆ, ವೈದ್ಯರ ಬಳಿ ಹೋಗಿಯೂ ಇದ್ದರು. ಅಲ್ಲಿಂದ ಕೆಮ್ಮಿನ ಔಷಧಿ ಹಿಡಿದು ವಾಪಸಾಗಿದ್ದರು. ಎರಡು ವಾರ ದಾಟಿದ ಕೆಮ್ಮು, ಸಂಜೆಯ ಜ್ವರ, ಇಳಿಯುವ ತೂಕ ಇದ್ದರೆ ಕಫ ಪರೀಕ್ಷೆ ಕೇಳಿ ಮಾಡಿಸಿಕೊಳ್ಳಿ. ಅದಕ್ಕೂ ಮುನ್ನ ಅಂಗಡಿಯಲ್ಲಿ ಲೆವೊಫ್ಲಾಕ್ಸಾಸಿನ್ ಜಾತಿಯ ಆ್ಯಂಟಿಬಯಾಟಿಕ್ ಕೊಂಡು ನುಂಗಬೇಡಿ. ಅದು ಕ್ಷಯವನ್ನು ಕೆಲ ಕಾಲ ಮರೆಮಾಚಿ ಪತ್ತೆಯನ್ನು ತಡ ಮಾಡುತ್ತದೆ. ಬೆಂಗಳೂರಿನ ಬಿಗ್‌ಟೆಕ್ ಪ್ರಯೋಗಾಲಯದಲ್ಲಿ ರೂಪುಗೊಂಡ, ಬ್ಯಾಟರಿಯಿಂದ ನಡೆಯುವ ಟ್ರೂನ್ಯಾಟ್ ಯಂತ್ರ ಕೆಲವೇ ಗಂಟೆಗಳಲ್ಲಿ ರೋಗವನ್ನೂ, ರಿಫಾಂಪಿಸಿನ್ ಔಷಧಿಗೆ ಅದು ಬಗ್ಗುತ್ತದೆಯೇ ಎಂಬುದನ್ನೂ ಹೇಳುತ್ತದೆ.

ಹುಟ್ಟಿದಾಗ ಬಿಸಿಜಿ ಚುಚ್ಚಿಸಿದ್ದೇವೆ ಎಂಬ ಧೈರ್ಯವೂ ಬೇಡ. ಅದು ಎಳೆಯ ಮಕ್ಕಳನ್ನು ಮಿದುಳಿನ ಕ್ಷಯದಿಂದ ಕಾಯುತ್ತದೆ, ತಪ್ಪದೆ ಹಾಕಿಸಬೇಕು. ದೊಡ್ಡವರ ಶ್ವಾಸಕೋಶದ ಕ್ಷಯವನ್ನು ಅದು ತಡೆಯುವುದಿಲ್ಲ ಎಂದು ತಮಿಳುನಾಡಿನ ಚೆಂಗಲ್ಪಟ್ಟು ಪ್ರಯೋಗ ಹದಿನೈದು ವರ್ಷದ ನಿಗಾದ ಬಳಿಕ ತೋರಿಸಿಕೊಟ್ಟಿದೆ.

“ಮಾತ್ರೆಗೆ ಬಗ್ಗದ ಟಿಬಿ ಬಂದರೆ ಮುಗಿಯಿತು”

ಹತ್ತು ವರ್ಷದ ಹಿಂದೆ ಈ ಮಾತನ್ನು ಅಲ್ಲಗಳೆಯುವುದು ಕಷ್ಟವಿತ್ತು. ಒಂದೂವರೆ ಎರಡು ವರ್ಷದ ಚಿಕಿತ್ಸೆ, ತಿಂಗಳುಗಟ್ಟಲೆ ದಿನವೂ ಚುಚ್ಚುಮದ್ದು, ಅರ್ಧದಷ್ಟು ಜನರಿಗೆ ಗುಣವಿಲ್ಲ. ಆ ಚುಚ್ಚುಮದ್ದುಗಳು ಕಿವಿಯನ್ನೇ ಕಸಿಯುತ್ತಿದ್ದವು. ಮುಂಬಯಿಯ ನಂದಿತಾ ವೆಂಕಟೇಶನ್, ದಕ್ಷಿಣ ಆಫ್ರಿಕದ ಫುಮೇಜಾ ಟಿಸಿಲೆ ಇಬ್ಬರೂ ಹಾಗೆ ಶ್ರವಣಶಕ್ತಿ ಕಳೆದುಕೊಂಡವರು. ಹೊಸ ಮಾತ್ರೆ ಬೆಡಾಕ್ವಿಲಿನ್‌ನ ಪೇಟೆಂಟ್ ಅವಧಿಯನ್ನು ಹಿಗ್ಗಿಸಲು ಅದರ ತಯಾರಕ ಕಂಪನಿ ಹಾಕಿದ ಅರ್ಜಿಯ ವಿರುದ್ಧ ಇವರು ಹೋರಾಡಿದರು. 2023ರ ಮಾರ್ಚಿನಲ್ಲಿ ಭಾರತದ ಪೇಟೆಂಟ್ ಕಚೇರಿ ಆ ಅರ್ಜಿಯನ್ನು ತಿರಸ್ಕರಿಸಿತು. ಕಡಿಮೆ ಬೆಲೆಯ ತಯಾರಿಕೆಗೆ ದಾರಿಯಾಯಿತು.

ಬೆಲಾರುಸ್, ಉಜ್ಬೇಕಿಸ್ತಾನ ಮತ್ತು ದಕ್ಷಿಣ ಆಫ್ರಿಕದಲ್ಲಿ ನಡೆದ ಪ್ರಯೋಗವೊಂದರ ಫಲಿತಾಂಶ 2022ರ ಕೊನೆಯಲ್ಲಿ ಪ್ರಕಟವಾಯಿತು. ಬೆಡಾಕ್ವಿಲಿನ್, ಪ್ರಿಟೊಮ್ಯಾನಿಡ್, ಲಿನೆಜೊಲಿಡ್, ಮಾಕ್ಸಿಫ್ಲಾಕ್ಸಾಸಿನ್ ಎಂಬ ನಾಲ್ಕು ಮಾತ್ರೆಗಳ ಆರು ತಿಂಗಳ ಕ್ರಮದಲ್ಲಿ ಚಿಕಿತ್ಸೆ ಫಲಿಸದವರು 11% ಇದ್ದರೆ ಹಳೆಯ ಕ್ರಮದಲ್ಲಿ 48% ಇದ್ದರು. ಭಾರತ ಇದಕ್ಕೆ 2024ರ ಸೆಪ್ಟೆಂಬರಿನಲ್ಲಿ ಒಪ್ಪಿಗೆ ಕೊಟ್ಟಿತು. ಚುಚ್ಚುಮದ್ದಿಲ್ಲ, ಆರೇ ತಿಂಗಳು.

ಸುಲಭದ ಚಿಕಿತ್ಸೆಯೇನೂ ಅಲ್ಲ. ಲಿನೆಜೊಲಿಡ್ ನರಗಳನ್ನು ಕಾಡುತ್ತದೆ, ರಕ್ತ ಕಡಿಮೆಯಾಗಿಸುತ್ತದೆ. ಮೊದಲ ಪ್ರಯೋಗಗಳಲ್ಲಿ ದಿನಕ್ಕೆ 1,200 ಮಿಲಿಗ್ರಾಂ ಕೊಡುತ್ತಿದ್ದರು. 600 ಕೊಟ್ಟರೂ ಗುಣವಾಗುವವರು ಹೆಚ್ಚುಕಡಿಮೆ ಅಷ್ಟೇ, ತೊಂದರೆ ಎಷ್ಟೋ ಕಡಿಮೆ ಎಂದು 2022ರ ಇನ್ನೊಂದು ಅಧ್ಯಯನ ತಿಳಿಸಿತು. ಪಾದ ಉರಿಯುವುದು, ಜುಮುಗುಡುವುದು, ಕಣ್ಣು ಮಂಜಾಗುವುದು ಶುರುವಾದರೆ ರೋಗಿ ತಾನಾಗಿ ಮಾತ್ರೆ ಬಿಡಬಾರದು, ಸಹಿಸಿಕೊಂಡು ಸುಮ್ಮನೂ ಇರಬಾರದು. ಅಂದೇ ಆಶಾ ಕಾರ್ಯಕರ್ತೆಗೋ ಕ್ಷಯ ವಿಭಾಗದ ವೈದ್ಯರಿಗೋ ಹೇಳಬೇಕು. ಪ್ರಮಾಣವನ್ನು ಹೊಂದಿಸಿ ಚಿಕಿತ್ಸೆ ಮುಂದುವರಿಸಲು ಅವರ ಬಳಿ ಈಗ ದಾರಿಯಿದೆ.