ಕಳೆದುಹೋದ ಚಿತ್ರಕ್ಕೆ ತಾಮ್ರದ ಸಾಕ್ಷಿ

2007ರಲ್ಲಿ ಬ್ರಿಟನ್ನಿನ ಹಳ್ಳಿಗಾಡಿನ ದೊಡ್ಡ ಬಂಗಲೆಯೊಂದರಲ್ಲಿ ವಿಮೆಗಾಗಿ ವಸ್ತುಗಳ ಬೆಲೆ ಕಟ್ಟುವ ಕೆಲಸ ನಡೆದಿತ್ತು. ಆಗ ಗೋಡೆಯ ಮೇಲಿದ್ದ ಪುಟ್ಟ ವರ್ಣಚಿತ್ರವೊಂದು ಬಂದವರ ಕಣ್ಣಿಗೆ ಬಿತ್ತು. ಅಪ್ಪಿಕೊಂಡಿರುವ ಜೋಡಿ, ಪಕ್ಕದಲ್ಲಿ ಗಿಟಾರ್ ಹಿಡಿದು ಕುಳಿತವನೊಬ್ಬ, ಒಂದು ನಾಯಿ. ನಾಶವಾಯಿತೆಂದೇ ಎಲ್ಲರೂ ಎಣಿಸಿದ್ದ, ಫ್ರಾನ್ಸಿನ ಆಂತ್ವಾನ್ ವಾತೊ ಬರೆದ 'ಲಾ ಸುರ್ಪ್ರೀಸ್' ಅದಾಗಿತ್ತು.

ಅಷ್ಟು ಕಾಲ ಕಾಣದಿದ್ದ ಚಿತ್ರ ಹೇಗಿತ್ತೆಂದು ತಿಳಿದದ್ದಾದರೂ ಹೇಗೆ? ಬ್ರಿಟನ್ನಿನ ರಾಜಮನೆತನದ ಸಂಗ್ರಹದಲ್ಲಿ ಅದರ ನಕಲೊಂದಿತ್ತು. ಜೊತೆಗೆ, 1731ರಲ್ಲಿ ಬೆನ್ವಾ ಓದ್ರಾನ್ ತಾಮ್ರದ ತಗಡಿನಲ್ಲಿ ಕೆತ್ತಿ ಅಚ್ಚು ಹಾಕಿಸಿದ ಹಾಳೆಗಳಿದ್ದವು.

ವಾತೊ ತೀರಿಕೊಂಡದ್ದು 1721ರಲ್ಲಿ, 36ನೇ ವಯಸ್ಸಿಗೆ. ಪ್ಯಾರಿಸ್ಸಿನಲ್ಲಿ ಬಟ್ಟೆಗೆ ಬಣ್ಣ ಹಾಕಿಸುವ ಕಾರ್ಖಾನೆ ನಡೆಸುತ್ತಿದ್ದ ಜಾನ್ ದ ಜುಲಿಯೆನ್ ಅವನ ಗೆಳೆಯ. ಸತ್ತ ಗೆಳೆಯನ ಕೃತಿಗಳನ್ನೆಲ್ಲ ಅಚ್ಚಿನಲ್ಲಿ ಉಳಿಸಲು ಅವನು ಹೊರಟ. ಸ್ನೇಹಕ್ಕೋ, ವ್ಯಾಪಾರಕ್ಕೋ? ಎರಡೂ ಇದ್ದೀತು. 1726 ಮತ್ತು 1728ರಲ್ಲಿ ಎರಡು ಸಂಪುಟಗಳಾಗಿ ಸುಮಾರು 350 ರೇಖಾಚಿತ್ರಗಳು ಹೊರಬಂದವು. ಅವುಗಳಲ್ಲಿ ನೂರಕ್ಕೂ ಹೆಚ್ಚನ್ನು ಕೊರೆದವನು ಆಗಿನ್ನೂ ಇಪ್ಪತ್ತರ ಹರೆಯದ ಫ್ರಾನ್ಸ್ವಾ ಬೂಷೆ. ಮುಂದೆ ಅವನೇ ಫ್ರೆಂಚ್ ದೊರೆಯ ಆಸ್ಥಾನ ಚಿತ್ರಕಾರನಾದ. ವರ್ಣಚಿತ್ರಗಳ ಅಚ್ಚುಗಳ ಸರಣಿ 1735ರ ಹೊತ್ತಿಗೆ ಪೂರ್ಣಗೊಂಡಿತು.

ಕೆಲಸ ಸುಲಭದ್ದಲ್ಲ. ತಗಡಿಗೆ ಮೇಣದಂಥ ಲೇಪ ಬಳಿದು, ಸೂಜಿಯಿಂದ ಅದರಲ್ಲಿ ಗೆರೆ ಎಳೆದು, ಆಮ್ಲ ಸುರಿಯಬೇಕು. ಲೇಪ ಹೋದ ಕಡೆಯಷ್ಟೇ ಆಮ್ಲ ತಾಮ್ರವನ್ನು ತಿನ್ನುತ್ತದೆ. ಆಮೇಲೆ ಉಳಿಯಿಂದ ತಿದ್ದುವುದು. ಗೆರೆಗಳಲ್ಲಿ ಶಾಯಿ ತುಂಬಿ, ಮೇಲ್ಮೈ ಒರೆಸಿ, ಒದ್ದೆ ಕಾಗದವಿಟ್ಟು ಯಂತ್ರದಲ್ಲಿ ಒತ್ತಿದರೆ ಚಿತ್ರ ಮೂಡುತ್ತದೆ. ಬಣ್ಣವಿಲ್ಲ, ರೇಷ್ಮೆಯ ಹೊಳಪೂ ಸಂಜೆಯ ಮಬ್ಬೂ ಕಪ್ಪು ಗೆರೆಗಳ ಒತ್ತು-ವಿರಳತೆಯಲ್ಲೇ ಕಾಣಬೇಕು. ಕನ್ನಡಿಯಲ್ಲಿ ನೋಡಿ ಕೆತ್ತದಿದ್ದರೆ ಎಡ-ಬಲ ಅದಲುಬದಲಾಗಿ, ಬಲಗೈಯಲ್ಲಿ ತಂತಿ ಮೀಟುವವನು ಎಡಚನಾಗಿಬಿಡುತ್ತಿದ್ದ! ತಾಮ್ರ ಮೆದು ಲೋಹ. ಒತ್ತಿದಷ್ಟೂ ಗೆರೆ ಸವೆಯುವುದರಿಂದ ಮೊದಲ ಪ್ರತಿಗಳಿಗೇ ಬೆಲೆ ಹೆಚ್ಚು.

ಮೂಲಚಿತ್ರ ಒಬ್ಬ ಶ್ರೀಮಂತನ ಕೋಣೆಯ ಸೊತ್ತು. ಅಚ್ಚಾದ ಹಾಳೆಯಾದರೋ ಪ್ಯಾರಿಸ್ಸಿನ ಸೇಂಟ್ ಜಾಕ್ ಬೀದಿಯ ಅಂಗಡಿಗಳಲ್ಲಿ ಸಿಗುತ್ತಿತ್ತು. ಚಿತ್ರದ ಕೆಳಗೆ ಸಾಮಾನ್ಯವಾಗಿ ಎಡಕ್ಕೆ ಚಿತ್ರಕಾರನ ಹೆಸರು, ಬಲಕ್ಕೆ ಕೆತ್ತಿದವನದು. 1660ರಲ್ಲೇ ಹದಿನಾಲ್ಕನೇ ಲೂಯಿ ಕೆತ್ತನೆಯನ್ನು ಸ್ವತಂತ್ರ ಕಲೆಯೆಂದು ಸಾರಿ, ಅದಕ್ಕೆ ಕಸುಬುದಾರ ಸಂಘಗಳ ಕಟ್ಟುಪಾಡು ಸಲ್ಲದೆಂದಿದ್ದ. ಆದರೂ ನೋಡುವವರ ಕಣ್ಣು ಬಲಮೂಲೆಗೆ ಹೋದದ್ದು ಕಡಿಮೆ.

'ಲಾ ಸುರ್ಪ್ರೀಸ್' 2008ರಲ್ಲಿ ಲಂಡನ್ನಿನ ಹರಾಜಿನಲ್ಲಿ 1 ಕೋಟಿ 23 ಲಕ್ಷ ಪೌಂಡಿಗೂ ಹೆಚ್ಚಿನ ಬೆಲೆಗೆ ಹೋಯಿತು. 2017ರಲ್ಲಿ ಅಮೆರಿಕದ ಲಾಸ್ ಏಂಜಲೀಸ್‌ನ ಗೆಟ್ಟಿ ಮ್ಯೂಸಿಯಂ ಅದನ್ನು ಕೊಂಡಿತು.