ಹಳೆಯ ಮನೆಯ ಕಲ್ಲು, ಹಿತ್ತಿಲ ಅಗ್ಗಿಷ್ಟಿಕೆ

ಬರಗಾಲದ ನಿವಾರಣೆಗಾಗಿ ಅಗಸ್ತ್ಯ ಮಹರ್ಷಿಗಳು ಯಾವ ಕ್ಷೇತ್ರದಲ್ಲಿ ಯಜ್ಞವನ್ನು ಕೈಗೊಂಡರೆಂದು ಸ್ಥಳಪುರಾಣವು ಸಾರುತ್ತಿರುವುದೋ ಆ ಕುಂಭಾಶಿಯ ಆಸುಪಾಸಿನಲ್ಲಿ, ಹಂಚಿನ ಮನೆಯನ್ನು ಕೆಡವಿ ತಾರಸಿ ಮನೆಯನ್ನು ಕಟ್ಟಿಸಿದವರ ಹಿತ್ತಿಲಲ್ಲಿ ಮುರಕಲ್ಲು, ಹಂಚು, ಪಕ್ಕಾಸುಗಳ ರಾಶಿಯು ಬಳ್ಳಿಗಳಿಗೆ ಆಶ್ರಯವಾಗಿ ಬಿದ್ದಿರುವುದುಂಟು. ಅದರಿಂದಲೇ ಒಂದು ಅಗ್ಗಿಷ್ಟಿಕೆಯನ್ನೂ ಅದರ ಬದಿಗೆ ಕುಳ್ಳಿರತಕ್ಕ ಕಟ್ಟೆಯನ್ನೂ ನಿರ್ಮಿಸಬಹುದು. ಬೆವರಿಳಿಯುವ ಕರಾವಳಿಯಲ್ಲಿ ಚಳಿ ಕಾಯಿಸುವುದೇ ಎಂದು ಘಟ್ಟದ ಮೇಲಿನವರು ನಕ್ಕಾರು. ಧನುರ್ಮಾಸದ ಬೆಳಗಿನ ಜಾವ ಇಲ್ಲಿಯ ಅಂಗಳದಲ್ಲಿ ನಿಂತವರು ನಗಲಾರರು.

ಹಳೆಯದೆಂದು ಈ ಮುರಕಲ್ಲನ್ನು ಕೀಳೆಣಿಸಲಾಗದು. ಮೈಸೂರು, ಕೆನರಾ, ಮಲಬಾರ ಸೀಮೆಗಳಲ್ಲಿ ಸಂಚರಿಸಿ 1807ರಲ್ಲಿ ತನ್ನ ಪ್ರವಾಸಗ್ರಂಥವನ್ನು ಪ್ರಕಟಿಸಿದ ಫ್ರಾನ್ಸಿಸ್ ಬುಕಾನನ್, ಈ ಶಿಲೆಗೆ ಲ್ಯಾಟರೈಟ್ ಎಂದು ಹೆಸರಿಟ್ಟು, ನೆಲದೊಳಗೆ ಸುಲಭವಾಗಿ ಕಡಿಯುವಷ್ಟು ಮೃದುವಾಗಿರುವ ಇದು ಗಾಳಿಗೆ ಒಡ್ಡಿದೊಡನೆ ಇಟ್ಟಿಗೆಯಂತೆ ಗಟ್ಟಿಯಾಗುವುದೆಂದು ಬರೆದನು. ಆದುದರಿಂದ ತಲೆಮಾರುಗಳ ಕಾಲ ಗೋಡೆಯಲ್ಲಿದ್ದ ಕಲ್ಲು, ಕೋರೆಯಿಂದ ನಿನ್ನೆ ಬಂದ ಹಸಿಕಲ್ಲಿಗಿಂತ ಕಟ್ಟೆಗೆ ಯೋಗ್ಯವಾದುದು. ಆದರೆ ರಂಧ್ರಮಯವಾದ ಅದು ನೀರು ಹೀರುವುದರಿಂದ ಜ್ವಾಲೆಗೆ ನೇರವಾಗಿ ಒಡ್ಡಬಾರದು. ಒಳಗಿನ ತೇವವು ಹಬೆಯಾಗಿ ಕಲ್ಲನ್ನು ಸಿಡಿಸಬಲ್ಲದು. ಕಾಂಕ್ರೀಟಿನ ತುಂಡುಗಳಿಗೂ ಹೊಳೆಗಲ್ಲಿಗೂ ಇದೇ ದೋಷ. ಹಂಚಾದರೋ ಗೂಡಿನಲ್ಲಿ ಬೆಂದೇ ಬಂದದ್ದು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಆರಂಭಿಸಿದ ಹಂಚಿನ ಉದ್ಯಮದ ಫಲವು ನಮ್ಮ ಮಾಡುಗಳನ್ನು ತುಂಬಿತಷ್ಟೆ. ಅದರ ಒಡಕುಗಳನ್ನು ಜೇಡಿಮಣ್ಣಿನಲ್ಲಿ ಕೂರಿಸಿ ಕುಂಡದ ಒಳಮೈಯನ್ನು ಕಟ್ಟಿದರೆ ಸಾಕು. ಬಿರುಕು ಬಿಟ್ಟರೆ ರಾಶಿಯಲ್ಲಿ ಬೇಕಾದಷ್ಟಿವೆ.

ಮೂರಡಿ ಅಗಲದ ಕುಂಡವನ್ನು ತೆಂಗಿನ ಮರಗಳಿಂದಲೂ ಹುಲ್ಲುಕುತ್ರಿಯಿಂದಲೂ ದೂರದಲ್ಲಿ ತೋಡಿ, ಮಳೆಯ ನೀರು ಇಂಗುವಂತೆ ತಳದಲ್ಲಿ ಹಂಚಿನ ಚೂರನ್ನೂ ಹೊಯ್ಗೆಯನ್ನೂ ಹರಡಬೇಕು. ಮುಂಜಾನೆಯ ಗಾಳಿ ಸಾಮಾನ್ಯವಾಗಿ ನೆಲದಿಂದ ಕಡಲಿಗೆ, ಅಂದರೆ ಮೂಡಣದಿಂದ ಪಡುವಣಕ್ಕೆ, ಬೀಸುವುದಾದುದರಿಂದ ಕಟ್ಟೆಯು ಮೂಡಣದಲ್ಲಿ ಅರ್ಧಚಂದ್ರಾಕಾರವಾಗಿರಲಿ. ಹೊಗೆಯು ತಾನಾಗಿ ಕಡಲಿನ ಕಡೆಗೆ ಸರಿಯುವುದು. ಒಂದೂವರೆ ಅಡಿ ಎತ್ತರದ ಕಲ್ಲುಕಟ್ಟೆಯ ಮೇಲೆ ಮೊಳೆ ಕಿತ್ತ ಪಕ್ಕಾಸುಗಳನ್ನು ಹೊಂದಿಸಿದರೆ ಆಸನ ಸಿದ್ಧ.

ರಾಶಿಯಲ್ಲಿ ಕೆತ್ತನೆಯ ಕಂಬವೋ ದಾರಂದವೋ ದೊರೆತರೆ ಅದನ್ನು ಆಸನವಾಗಿಸುವುದು ಅಪಚಾರವೆಂದೇ ನನ್ನ ಮತ. ಅಂಥವುಗಳನ್ನು, ಕೆಲವೆಡೆ ಇಡಿಯ ಮನೆಗಳನ್ನೇ, ಬಿಚ್ಚಿ ತಂದು ವಿಜಯನಾಥ ಶೆಣೈಯವರು ಮಣಿಪಾಲದಲ್ಲಿ ಹೆರಿಟೇಜ್ ವಿಲೇಜನ್ನು ಕಟ್ಟಿದರು.

ಉರುವಲಿಗೆ ಗೆರಟೆ, ಒಣಗಿದ ಮಡಲು ಧಾರಾಳವಾಗಿ ಸಲ್ಲುತ್ತವೆ. ಬಣ್ಣ ಬಳಿದ ಹಳೆಯ ಬಾಗಿಲಿನ ಚೂರನ್ನು ಮಾತ್ರ ಬೆಂಕಿಗೆ ಹಾಕಬೇಡಿ. ಹಿಂದಿನ ಬಣ್ಣಗಳಲ್ಲಿ ಸೀಸವಿರುವ ಸಂಭವವುಂಟು, ಅದರ ಹೊಗೆ ಮಕ್ಕಳಿಗೆ ವಿಷ.