ಪಿನ್‌ಕೋಡ್‌ನೊಳಗಿನ ಅಪವರ್ತನಗಳು

ಚನ್ನಗಿರಿ 577213, ಹೊನ್ನಾಳಿ 577217, ನ್ಯಾಮತಿ 577223, ಜಗಳೂರು 577528. ದಾವಣಗೆರೆ ಜಿಲ್ಲೆಯ ನಾಲ್ಕು ತಾಲ್ಲೂಕು ಕೇಂದ್ರಗಳ ಪಿನ್‌ಕೋಡ್‌ಗಳಿವು. 1972ರ ಆಗಸ್ಟ್ 15ರಂದು ಜಾರಿಗೆ ಬಂದ ಈ ವ್ಯವಸ್ಥೆಯಲ್ಲಿ ಮೊದಲ ಮೂರು ಅಂಕಿ ಟಪಾಲು ವಿಂಗಡಣೆಯ ಪ್ರದೇಶವನ್ನೂ, ಕೊನೆಯ ಮೂರು ಅಂಚೆ ಕಚೇರಿಯನ್ನೂ ತೋರಿಸುತ್ತವೆ. ಇವನ್ನೇ ಐದು ಲಕ್ಷ ಎಪ್ಪತ್ತೇಳು ಸಾವಿರದ ಚಿಲ್ಲರೆ ಎಂದು ಓದಿದರೆ ಒಂದೊಂದು ಸಂಖ್ಯೆಗೂ ಅದರದೇ ಗುಣ ಕಾಣುತ್ತದೆ.

ಒಡೆದು ಕಳೆಯುವ ಪರೀಕ್ಷೆ

2, 3, 5ರ ಭಾಜ್ಯತೆಯ ನಿಯಮಗಳನ್ನು ಶಾಲೆಯಲ್ಲೇ ಕಲಿತಿರುತ್ತೇವೆ. 7, 11, 13ಕ್ಕೆ ಸೇರಿ ಒಂದೇ ಪರೀಕ್ಷೆಯಿದೆ. ಆರಂಕಿಯ ಸಂಖ್ಯೆಯನ್ನು ಮೂರು ಮೂರು ಅಂಕಿಗಳಾಗಿ ಒಡೆದು, ದೊಡ್ಡದರಿಂದ ಚಿಕ್ಕದನ್ನು ಕಳೆಯಿರಿ. ಚನ್ನಗಿರಿಗೆ 577 − 213 = 364. ಇದು 7 × 52. 13 × 28 ಕೂಡ ಹೌದು. ಹಾಗಾಗಿ 577213 ಸಹ ಎರಡರಿಂದಲೂ ಭಾಗವಾಗಲೇಬೇಕು: 7 × 13 × 6343. ಜಗಳೂರಿಗೆ ಉಳಿಯುವುದು 49. ಅಲ್ಲಿಗೆ 7 ಸಿಕ್ಕಿತು. ಕೊನೆಯ ಮೂರಂಕಿ 528 ಎಂಟರಿಂದ ಭಾಗವಾಗುವುದರಿಂದ ಇಡೀ ಸಂಖ್ಯೆಯೂ ಆಗುತ್ತದೆ: 8 × 7 × 10313.

ಗುಟ್ಟಿರುವುದು 7 × 11 × 13 = 1001 ಎಂಬುದರಲ್ಲಿ. 577213 ಅನ್ನು 577 × 1001 − 364 ಎಂದು ಬರೆಯಬಹುದು. ಮೊದಲ ಭಾಗವನ್ನು 7, 11, 13 ಮೂರೂ ಭಾಗಿಸುತ್ತವೆ. ಹಾಗಾಗಿ ತೀರ್ಮಾನ 364ರದು. 1001ರಂತೆ ಎರಡೂ ಕಡೆಯಿಂದ ಒಂದೇ ಆಗಿ ಓದಿಸಿಕೊಳ್ಳುವ ಸಂಖ್ಯೆಗಳ ಚೆಲುವನ್ನು ಕನ್ನಡ ನಾಡು ಬಹಳ ಹಿಂದೆಯೇ ಗುರುತಿಸಿತ್ತು. ಅಮೋಘವರ್ಷನ ಕಾಲದ ಮಹಾವೀರಾಚಾರ್ಯ 9ನೇ ಶತಮಾನದಲ್ಲಿ ‘ಗಣಿತಸಾರಸಂಗ್ರಹ’ದಲ್ಲಿ 152207 × 73 = 11111111ರಂಥ ಲೆಕ್ಕಗಳನ್ನು ಕೊಟ್ಟು, ಇಂಥ ಗುಣಲಬ್ಧಗಳನ್ನು ಕೊರಳ ಹಾರವೆಂದು ಕರೆದ.

ಹೊನ್ನಾಳಿ ಸುಲಭಕ್ಕೆ ಒಡೆಯದು

ನ್ಯಾಮತಿ, ಹೊನ್ನಾಳಿ ಈ ಪರೀಕ್ಷೆಗೆ ಬಗ್ಗುವುದಿಲ್ಲ. ಅವಿಭಾಜ್ಯ ಸಂಖ್ಯೆಗಳಿಂದ ಒಂದೊಂದಾಗಿ ಭಾಗಿಸುತ್ತಾ ಹೋಗಬೇಕು. ನ್ಯಾಮತಿ 53ಕ್ಕೆ ಒಡೆಯುತ್ತದೆ: 53 × 10891. ಹೊನ್ನಾಳಿಗೆ ನೂರು ದಾಟಿ, ಮುನ್ನೂರು ದಾಟಿದರೂ ಶೇಷ ಉಳಿಯುತ್ತಲೇ ಇರುತ್ತದೆ. ಹಾಗೆಂದು ಅದನ್ನು ಅವಿಭಾಜ್ಯವೆಂದು ಸಾರುವಂತಿಲ್ಲ. 577217ರ ವರ್ಗಮೂಲ 760ಕ್ಕೆ ತುಸು ಕಡಿಮೆ. ಸಂಖ್ಯೆ ಒಡೆಯುವುದಾದರೆ ಒಂದು ಅಪವರ್ತನವಾದರೂ ಅದರೊಳಗೆ ಇರಲೇಬೇಕು. ಆದ್ದರಿಂದ ಅಲ್ಲಿಯವರೆಗೂ ಹುಡುಕಬೇಕು. ಎಪ್ಪತ್ತೈದನೆಯ ಅವಿಭಾಜ್ಯವಾದ 379ಕ್ಕೆ ಬಂದಾಗ ಶೇಷ ಸೊನ್ನೆ: 379 × 1523. ಅದಕ್ಕಿಂತ ಮೊದಲಿನ 74 ಭಾಗಾಕಾರಗಳಲ್ಲಿ ಒಂದೂ ಫಲಿಸುವುದಿಲ್ಲ.

379ನ್ನು 1523ರಿಂದ ಗುಣಿಸಲು ಕಾಗದದ ಮೇಲೆ ನಾಲ್ಕು ಸಾಲು ಸಾಕು. ಗುಣಲಬ್ಧದಿಂದ ಹಿಂದಕ್ಕೆ ಹೋಗುವುದೇ ಕಷ್ಟ. 1977ರಲ್ಲಿ ರಿವೆಸ್ಟ್, ಶಮೀರ್, ಏಡಲ್‌ಮನ್ ರೂಪಿಸಿದ ಗೂಢಲಿಪಿ ವಿಧಾನ ನಿಂತಿರುವುದು ಈ ಅಂತರದ ಮೇಲೆಯೇ. ಅಲ್ಲಿ ಬಳಸುವ ಅವಿಭಾಜ್ಯಗಳಿಗೆ ನೂರಾರು ಅಂಕಿಗಳಿರುತ್ತವೆ. ಇಂಟರ್ನೆಟ್‌ನಲ್ಲಿ ಮಾಹಿತಿಯನ್ನು ಕಾಪಾಡಲು ಆ ವಿಧಾನ ಇಂದಿಗೂ ಬಳಕೆಯಲ್ಲಿದೆ.

ಮಾಡಿ ನೋಡಿ

1. ನಿಮ್ಮೂರಿನ ಪಿನ್‌ಕೋಡ್ ಅನ್ನು ಒಡೆದು ಕಳೆಯಿರಿ. 7, 11, 13ರಲ್ಲಿ ಯಾವುದಾದರೂ ಸಿಕ್ಕಿತೇ?
2. 577577ಕ್ಕೆ ಈ ಪರೀಕ್ಷೆ ಮಾಡಿದರೆ ಉಳಿಯುವುದು ಸೊನ್ನೆ. ಅದರಿಂದ ಏನು ಗೊತ್ತಾಗುತ್ತದೆ?